ಕೋಟೆಯೂ ಬಿಲವೂ: ‘ಬರೋ’ ಎಂಬ ಆಂಗ್ಲಶಬ್ದದ ಚರಿತ್ರೆ

೧

ಶಬ್ದಗಳಿಗೂ ಮನುಷ್ಯರಂತೆಯೇ ಕುಲವುಂಟು, ಬಂಧುಬಳಗವುಂಟು, ಏಳುಬೀಳುಗಳುಂಟು. ಅರಮನೆಯಲ್ಲಿ ಹುಟ್ಟಿದ ಶಬ್ದವು ಕಾಲಾಂತರದಲ್ಲಿ ಬೀದಿಗಿಳಿಯುವುದೂ, ಕೊಟ್ಟಿಗೆಯಲ್ಲಿ ಹುಟ್ಟಿದುದು ಆಸ್ಥಾನವನ್ನೇರುವುದೂ ಭಾಷೆಗಳ ಚರಿತ್ರೆಯಲ್ಲಿ ಅಪೂರ್ವವಲ್ಲ. ಆಂಗ್ಲಭಾಷೆಯಲ್ಲಿ ‘ಬರೋ’ ಎಂಬುದೊಂದು ಶಬ್ದವಿದೆ. ನಾಮಪದವಾದಾಗ ಪ್ರಾಣಿಯು ನೆಲದಲ್ಲಿ ತೋಡಿಕೊಂಡ ಬಿಲವೆಂದೂ, ಕ್ರಿಯಾಪದವಾದಾಗ ಬಿಲ ತೋಡು, ತೋಡಿಕೊಂಡು ಒಳಹೊಗು, ಹುದುಗಿಕೊಳ್ಳು ಎಂದೂ ಅದಕ್ಕೆ ಅರ್ಥ. ವಿದ್ಯಾರ್ಥಿಗಳು ನಿಘಂಟಿನಲ್ಲಿ ಇಷ್ಟನ್ನು ಕಂಡು ಮುಂದಿನ ಶಬ್ದಕ್ಕೆ ಹೋಗುವರು. ಆದರೆ ಈ ಚಿಕ್ಕ ಬಿಲದೊಳಗೆ ಕೈಯಿಟ್ಟು ಹುಡುಕಿದರೆ ಒಂದು ದೇಶದ ಕೋಟೆಗಳೂ, ಪ್ರಭುಗಳೂ, ಹಸಿದ ರೈತರೂ, ಕಠೋರವಾದ ಶಾಸನಗಳೂ ದೊರೆಯುವುದನ್ನು ಕಂಡು ಆಶ್ಚರ್ಯವಾಗುತ್ತದೆ.

ಅಗೆಯುವ ಕೆಲಸಕ್ಕೆ ಕನ್ನಡದಲ್ಲಿ ಪ್ರಾಣಿಗೊಂದು ಮಾತಿದೆ. ಕೋಳಿ ತಿಪ್ಪೆಯನ್ನು ಕೆದರುತ್ತದೆ, ನಾಯಿ ಮಣ್ಣನ್ನು ಕೆರೆಯುತ್ತದೆ, ಹೋರಿ ಕೊಂಬಿನಿಂದ ಗೂರುತ್ತದೆ, ಹೆಗ್ಗಣ ತೋಡುತ್ತದೆ. ಆಂಗ್ಲರಲ್ಲಿಯೂ ಇಂತಹ ವಿವೇಚನೆಯಿಲ್ಲದೆ ಇಲ್ಲ. ‘ಡಿಗ್’ ಎಂಬುದು ಮನುಷ್ಯನಿಗೂ ಮೃಗಕ್ಕೂ ಸಾಮಾನ್ಯವಾದ ಧಾತು. ಹಂದಿಯು ಗೆಡ್ಡೆಗೆಣಸಿಗಾಗಿ ಮೂತಿಯಿಂದ ನೆಲವನ್ನೆಬ್ಬುವುದಕ್ಕೆ ‘ರೂಟ್’ ಎನ್ನುವರು. ಈ ಎರಡರಲ್ಲಿಯೂ ಅಗೆಯುವ ಕ್ರಿಯೆಯೇ ಪ್ರಧಾನ. ಅಗೆದ ಪ್ರಾಣಿಯು ಕೆಲಸ ಮುಗಿದೊಡನೆ ಬೇರೆಡೆಗೆ ಹೋಗಬಹುದು. ‘ಬರೋ’ ಎಂದಲ್ಲಿ ಮಾತ್ರ ಅಗೆಯುವುದು ಸಾಧನ, ಆಶ್ರಯವೇ ಫಲ. ಅಗೆದ ಪ್ರಾಣಿಯು ಅಲ್ಲಿ ಅಡಗಬೇಕು, ಮರಿಗಳನ್ನು ಸಾಕಬೇಕು, ಶತ್ರುವಿನಿಂದ ಪಾರಾಗಬೇಕು. ಸಂಸ್ಕೃತದ ‘ಬಿಲೇಶಯ’ ಎಂಬ ಪದವು ಈ ಭಾವಕ್ಕೆ ಬಹು ಸಮೀಪವಾದುದು.

ಸಂಸ್ಕೃತದಲ್ಲಿ ಇಲಿಗೆ ಇರುವ ಎರಡು ಹೆಸರುಗಳನ್ನು ಇಲ್ಲಿಯೇ ನೆನೆಯುವುದು ಉಚಿತ. ‘ಆಖು’ ಎಂಬುದನ್ನು ‘ಖನ್’ ಧಾತುವಿನಿಂದ ಸಾಧಿಸುವರು. ಅಗೆಯತಕ್ಕದ್ದೆಂದು ಅದರ ಅರ್ಥ. ‘ಮೂಷಕ’ ಎಂಬುದನ್ನು ‘ಮುಷ್’ ಧಾತುವಿನಿಂದ ಸಾಧಿಸುವರು, ಕದಿಯತಕ್ಕದ್ದೆಂದು ಅರ್ಥ. ಪ್ರಾಣಿ ಒಂದೇ, ತೋಡುವ ಕೆಲಸವೂ ಒಂದೇ. ತನಗೆ ಮನೆ ಮಾಡಿಕೊಳ್ಳುವಾಗ ಅದು ಆಖು. ಪರರ ಕಣಜವನ್ನು ಹೊಗುವಾಗ ಅದೇ ಮೂಷಕ. ಆಶ್ರಯವೆಂಬುದು ಯಾರಿಗೆ, ಕಳವೆಂಬುದು ಯಾರ ದೃಷ್ಟಿಯಿಂದ ಎಂಬ ಪ್ರಶ್ನೆಯು ಈ ಎರಡು ಹೆಸರುಗಳ ನಡುವೆ ಅಡಗಿದೆ. ಆಂಗ್ಲಶಬ್ದದ ಚರಿತ್ರೆಯುದ್ದಕ್ಕೂ ಇದೇ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುವುದನ್ನು ಮುಂದೆ ಕಾಣಬಹುದು.

೨

ಆಂಗ್ಲಭಾಷೆಯ ಪ್ರಾಚೀನಾವಸ್ಥೆಯಲ್ಲಿ ‘ಬುರ್ಹ್’ ಎಂಬ ಶಬ್ದವಿದ್ದಿತು. ಗೋಡೆ, ಅಗಳು, ಮಣ್ಣಿನ ಏರಿ ಇವುಗಳಿಂದ ರಕ್ಷಿತವಾದ ಸ್ಥಳವೆಂದು ಅದರ ಅರ್ಥ. ಜರ್ಮನ್ ಭಾಷೆಯ ‘ಬುರ್ಗ್’ ಇದರ ಸೋದರ ಶಬ್ದ. ಕ್ಯಾಂಟರ್‌ಬರಿ, ಪೀಟರ್‌ಬರೋ, ಎಡಿನ್‌ಬರೋ, ಹ್ಯಾಂಬುರ್ಗ್ ಮೊದಲಾದ ಊರುಗಳ ಹೆಸರಿನ ಕೊನೆಯಲ್ಲಿ ಇಂದಿಗೂ ಇದು ನಿಂತಿದೆ. ಕಾಪಾಡು, ಮರೆಮಾಡು ಎಂಬ ಅರ್ಥದ ‘ಬೆಯೊರ್ಗನ್’ ಎಂಬ ಕ್ರಿಯಾಪದವೂ ಆಗ ಬಳಕೆಯಲ್ಲಿದ್ದಿತು. ಕೋಟೆಯ ಶಬ್ದವು ಈ ರಕ್ಷಣಾರ್ಥಕ ಧಾತುವಿನಿಂದ ಬಂದಿತೆಂದು ಕೆಲವರೂ, ಎತ್ತರವೆಂಬ ಅರ್ಥದ ಬೇರೊಂದು ಧಾತುವಿನಿಂದ ಬಂದಿತೆಂದು ಕೆಲವರೂ ವಾದಿಸುವರು. ಈ ಎರಡನೆಯ ಧಾತುವೇ ಸಂಸ್ಕೃತದ ‘ಬೃಹತ್’ ಎಂಬ ಶಬ್ದಕ್ಕೂ ಮೂಲವೆಂಬುದು ಭಾಷಾಶಾಸ್ತ್ರಜ್ಞರ ಮತ. ವೇದಮಂತ್ರಗಳಲ್ಲಿ ಕೇಳಿಬರುವ ಬೃಹತ್ತಿಗೂ, ಉತ್ತರ ಸಮುದ್ರದ ತೀರದ ಮಣ್ಣಿನ ಕೋಟೆಗೂ ಹೀಗೆ ಒಂದು ದೂರದ ನೆಂಟಸ್ತನ ಏರ್ಪಡುತ್ತದೆ.

ಈ ಶಬ್ದಕ್ಕೆ ಇಂಗ್ಲೆಂಡಿನ ಚರಿತ್ರೆಯಲ್ಲಿ ವಿಶೇಷ ಪ್ರಾಮುಖ್ಯವು ಬಂದುದು ಆಲ್ಫ್ರೆಡ್ ರಾಜನ ಕಾಲದಲ್ಲಿ. ಅವನು ೮೭೧ರಿಂದ ೮೯೯ರವರೆಗೆ ವೆಸೆಕ್ಸ್ ರಾಜ್ಯವನ್ನಾಳಿದನು. ೮೭೮ನೆಯ ಇಸವಿಯ ಚಳಿಗಾಲದಲ್ಲಿ ಡೇನರು ಅನಿರೀಕ್ಷಿತವಾಗಿ ಮೇಲೆ ಬಿದ್ದಾಗ ಆ ರಾಜನು ಸಾಮರ್ಸೆಟ್ ಪ್ರಾಂತದ ಅಥೆಲ್ನಿ ಎಂಬ ಜೌಗುಭೂಮಿಯಲ್ಲಿ ಕೆಲವೇ ಜನರೊಡನೆ ಅಡಗಿಕೊಳ್ಳಬೇಕಾಯಿತು. ಬೇಟೆಗಾರರ ಕೈಗೆ ಸಿಕ್ಕದಂತೆ ಪೊದೆ ಸೇರಿದ ಮೃಗದ ಸ್ಥಿತಿಯೇ ಅವನದಾಗಿತ್ತು. ಅದೇ ವರ್ಷ ಎಡಿಂಗ್ಟನ್ ಎಂಬಲ್ಲಿ ಅವನು ಶತ್ರುಗಳನ್ನು ಸೋಲಿಸಿದನು. ಅಡಗುವ ದುರವಸ್ಥೆಯನ್ನು ತಾನೇ ಅನುಭವಿಸಿದ ದೊರೆಯು ಆ ಬಳಿಕ ತನ್ನ ಪ್ರಜೆಗಳೆಲ್ಲರಿಗೂ ಸಮೀಪದಲ್ಲಿಯೇ ಒಂದು ಆಶ್ರಯವಿರಬೇಕೆಂದು ನಿಶ್ಚಯಿಸಿ ದೇಶದ ಉದ್ದಗಲಕ್ಕೂ ‘ಬುರ್ಹ್’ಗಳ ಸಾಲನ್ನೇ ನಿರ್ಮಿಸತೊಡಗಿದನು.

ಆಲ್ಫ್ರೆಡನ ಮಗನಾದ ಎಡ್ವರ್ಡನ ಕಾಲದ್ದೆಂದು ಎಣಿಸಲ್ಪಟ್ಟಿರುವ ಒಂದು ಪಟ್ಟಿಯಲ್ಲಿ ಇಂತಹ ಮೂವತ್ತಕ್ಕೂ ಹೆಚ್ಚು ಕೋಟೆಗಳ ಹೆಸರುಗಳಿವೆ. ಒಂದೊಂದು ಕೋಟೆಗೂ ಇಷ್ಟಿಷ್ಟು ‘ಹೈಡ್’ ಭೂಮಿಯನ್ನು ಗೊತ್ತುಮಾಡಿದ್ದರು. ಹೈಡ್ ಎಂದರೆ ಒಂದು ಕುಟುಂಬದ ಜೀವನಕ್ಕೆ ಸಾಕಾಗುವಷ್ಟು ಹೊಲ. ಹೈಡಿಗೆ ಒಬ್ಬ ಆಳಿನಂತೆ ಬರಬೇಕು. ಐದೂವರೆ ಗಜ ಉದ್ದದ ಗೋಡೆಗೆ ನಾಲ್ಕು ಆಳು ನಿಲ್ಲಬೇಕು ಎಂಬುದು ಕ್ರಮ. ವಿಂಚೆಸ್ಟರಿಗೆ ೨,೪೦೦ ಹೈಡುಗಳು ಗೊತ್ತಾಗಿದ್ದವು. ಈ ಲೆಕ್ಕದಿಂದ ಅಲ್ಲಿಯ ಗೋಡೆ ೯,೯೦೦ ಅಡಿಯಿರಬೇಕಾಗುತ್ತದೆ. ಆ ಊರಿನ ಹಳೆಯ ಗೋಡೆಯ ಅಳತೆಯು ಇದಕ್ಕೆ ಬಹುಮಟ್ಟಿಗೆ ಸರಿಹೊಂದುತ್ತದೆ. ರೈತನ ಹೊಲಕ್ಕೂ ಕೋಟೆಯ ಗೋಡೆಗೂ ಇಷ್ಟು ನಿಕಟವಾದ ಸಂಬಂಧವಿದ್ದಿತು. ನೇಗಿಲು ಹಿಡಿದವನೇ ಗೋಡೆಯನ್ನು ಕಾಯುವನು. ಗೋಡೆಯು ಅವನನ್ನು ಕಾಯುವುದು.

ಕಾಲಕ್ರಮದಲ್ಲಿ ಯುದ್ಧಭಯವು ತಗ್ಗಿ ಕೋಟೆಗಳೊಳಗೆ ಸಂತೆಗಳು ಬೆಳೆದುವು, ಸಂತೆಗಳಿಂದ ಪಟ್ಟಣಗಳಾದುವು, ಪಟ್ಟಣಗಳಿಗೆ ಪಾರ್ಲಿಮೆಂಟಿಗೆ ಪ್ರತಿನಿಧಿಗಳನ್ನು ಕಳುಹಿಸುವ ಹಕ್ಕು ಬಂದಿತು. ‘ಬುರ್ಹ್’ ಎಂಬುದು ‘ಬರಾ’ ಎಂಬ ರೂಪವನ್ನು ತಾಳಿ, ಹಕ್ಕುಳ್ಳ ಪಟ್ಟಣವೆಂಬ ಅರ್ಥವನ್ನು ಪಡೆಯಿತು. ಆದರೆ ಹಕ್ಕು ನಿಂತು ಜನರು ಹೋದ ಊರುಗಳೂ ಇದ್ದುವು. ಸಾಲ್ಸ್‌ಬರಿಯ ಬಳಿಯ ಓಲ್ಡ್ ಸೇರಂ ಎಂಬುದು ಪ್ರಾಚೀನವಾದ ಕೋಟೆಯ ದಿಬ್ಬ. ಹದಿಮೂರನೆಯ ಶತಮಾನದಲ್ಲಿ ಅಲ್ಲಿಯ ಜನರು ಕೆಳಗಿನ ಬಯಲಿಗೆ ಇಳಿದು ಹೊಸ ಊರನ್ನು ಕಟ್ಟಿಕೊಂಡರು. ಆದರೂ ಆ ನಿರ್ಜನವಾದ ದಿಬ್ಬದ ಹೆಸರಿನಲ್ಲಿ ಇಬ್ಬರು ಪ್ರತಿನಿಧಿಗಳು ೧೮೩೨ರ ಸುಧಾರಣಾ ಶಾಸನದವರೆಗೂ ಪಾರ್ಲಿಮೆಂಟಿನಲ್ಲಿ ಕುಳಿತಿದ್ದರು. ಸಹಸ್ರಾರು ಜನರಿಂದ ತುಂಬಿದ ಮ್ಯಾಂಚೆಸ್ಟರಿಗೆ ಆ ವರ್ಷದವರೆಗೆ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಪ್ರಜೆಗಳ ರಕ್ಷಣೆಗಾಗಿ ಹುಟ್ಟಿದ ಶಬ್ದವು ಪ್ರಜೆಗಳಿಲ್ಲದ ದಿಬ್ಬದ ಅಧಿಕಾರವನ್ನು ರಕ್ಷಿಸುವ ಸ್ಥಿತಿಗೆ ಇಳಿದಿತ್ತು.

೩

ಹದಿಮೂರು ಹದಿನಾಲ್ಕನೆಯ ಶತಮಾನಗಳ ಆಂಗ್ಲಬರಹದಲ್ಲಿ ಇದೇ ಶಬ್ದದ ಆಕಾರವುಳ್ಳ ಪದವೊಂದು ಪ್ರಾಣಿಯ ಬಿಲವೆಂಬ ಅರ್ಥದಲ್ಲಿ ಕಾಣಿಸಿಕೊಳ್ಳುತ್ತದೆ. ಅದೇ ಈಗಿನ ‘ಬರೋ’. ಕೋಟೆಯ ಶಬ್ದವೇ ರೂಪಾಂತರ ಹೊಂದಿ ಬಿಲಕ್ಕೆ ಬಂದಿತೆಂದು ಕೆಲವು ನಿಘಂಟುಕಾರರು ಹೇಳುವರು. ಕಾಪಾಡು ಎಂಬ ಕ್ರಿಯಾಪದದಿಂದಲೇ ನೇರವಾಗಿ ಬಂದಿರಬಹುದೆಂದು ಮತ್ತೆ ಕೆಲವರು ಹೇಳುವರು. ಯಾವ ಪಕ್ಷವನ್ನು ಹಿಡಿದರೂ ರಕ್ಷಣೆಯೆಂಬ ಭಾವವು ಕೈಬಿಡುವುದಿಲ್ಲ. ಶವವನ್ನು ಹೂಳುವುದಕ್ಕೆ ಆಂಗ್ಲರು ಹೇಳುವ ‘ಬರಿ’ ಎಂಬ ಕ್ರಿಯಾಪದವೂ ಈ ರಕ್ಷಣಾರ್ಥಕ ಧಾತುವಿನ ಸಂತಾನವೇ. ಕೋಟೆಯಲ್ಲಿ ಅರಸು, ಬಿಲದಲ್ಲಿ ಪ್ರಾಣಿ, ಮಣ್ಣಿನಡಿಯಲ್ಲಿ ಮೃತನು, ಮೂವರನ್ನೂ ಒಂದೇ ಧಾತು ತನ್ನ ಮರೆಯಲ್ಲಿಟ್ಟುಕೊಂಡಿದೆ.

ಆಂಗ್ಲರು ಎಲ್ಲ ಮೃಗಗಳ ಬಿಲಕ್ಕೂ ಈ ಹೆಸರನ್ನೇ ಹೇಳುವುದು ವಾಡಿಕೆಯಲ್ಲ. ನರಿಯ ಬಿಲವು ‘ಅರ್ತ್’; ಬ್ಯಾಡ್ಜರ್ ಎಂಬ ಮೃಗದ್ದು ‘ಸೆಟ್’; ನೀರುನಾಯಿಯದು ‘ಹೋಲ್ಟ್’. ‘ಬರೋ’ ಎಂಬುದು ಮುಖ್ಯವಾಗಿ ‘ರ‍್ಯಾಬಿಟ್’ ಎಂಬ ಪ್ರಾಣಿಗೆ ಸಂದಿತು. ಇಲ್ಲಿ ಕನ್ನಡ ವಾಚಕರು ಒಂದು ಭೇದವನ್ನು ಗಮನಿಸಬೇಕು. ನಮ್ಮ ಕುರುಚಲು ಕಾಡುಗಳಲ್ಲಿ ಓಡಾಡುವ ಮೊಲ, ಸಂಸ್ಕೃತದ ಶಶ, ರ‍್ಯಾಬಿಟ್ಟಲ್ಲ. ಅದನ್ನು ಆಂಗ್ಲರು ‘ಹೇರ್’ ಎನ್ನುವರು. ಹೇರ್ ಬಿಲವನ್ನು ತೋಡುವುದಿಲ್ಲ. ಹುಲ್ಲಿನ ನಡುವೆ ತಗ್ಗಾದೆಡೆಯಲ್ಲಿ ಮಲಗುತ್ತದೆ. ಅದರ ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲೂ ತೆರೆದ ಕಣ್ಣೂ ಉಳ್ಳವು. ರ‍್ಯಾಬಿಟ್ಟಿನ ಮರಿಗಳಾದರೋ ಬೋಳುಮೈಯವು, ಕಣ್ಣು ತೆರೆಯದವು. ಆದಕಾರಣ ಅದಕ್ಕೆ ಬಿಲವಿಲ್ಲದೆ ಸಂತಾನವೇ ಇಲ್ಲ. ಶಾಲಾಪುಸ್ತಕಗಳಲ್ಲಿ ಎರಡನ್ನೂ ಮೊಲವೆಂದೇ ಬರೆಯುವುದರಿಂದ ಈ ಅಂತರವು ಮರೆಯಾಗಿದೆ. ಸ್ಪಷ್ಟತೆಗಾಗಿ ಇದನ್ನು ‘ಬಿಲಮೊಲ’ವೆಂದು ಹೇಳುವುದು ಯುಕ್ತ.

ಬಿಲಮೊಲದ ತವರು ಸ್ಪೇಯಿನ್ ದೇಶದ ಕಡೆ. ರೋಮನರು ಅದನ್ನು ‘ಕುನಿಕುಲಸ್’ ಎಂದು ಕರೆದರು. ಸ್ವಾರಸ್ಯವೇನೆಂದರೆ ಲ್ಯಾಟಿನ್ ಭಾಷೆಯಲ್ಲಿ ಆ ಒಂದೇ ಶಬ್ದಕ್ಕೆ ಬಿಲಮೊಲವೆಂದೂ ನೆಲದೊಳಗಿನ ಸುರಂಗವೆಂದೂ ಎರಡು ಅರ್ಥಗಳುಂಟು. ಕ್ರಿ. ಪೂ. ೩೯೬ರಲ್ಲಿ ರೋಮನ್ ಸೇನಾಪತಿಯಾದ ಕಮಿಲ್ಲಸನು ಹತ್ತು ವರ್ಷಗಳ ಮುತ್ತಿಗೆಯ ಕೊನೆಯಲ್ಲಿ ವೆಯಿ ಎಂಬ ನಗರವನ್ನು ಹಿಡಿದುದು ಇಂತಹ ಸುರಂಗದಿಂದಲೇ ಎಂದು ಲಿವಿಯೆಂಬ ಇತಿಹಾಸಕಾರನು ಬರೆದಿದ್ದಾನೆ. ಸೈನಿಕರು ಕೋಟೆಯೊಳಗಿನ ಜೂನೋ ದೇವಿಯ ಆಲಯದಲ್ಲಿ ನೆಲವನ್ನು ಭೇದಿಸಿ ಮೇಲಕ್ಕೆದ್ದರಂತೆ. ಇತ್ತ ಪ್ಲಿನಿಯು ತನ್ನ ಪ್ರಕೃತಿ ಚರಿತ್ರೆಯಲ್ಲಿ, ಸ್ಪೇಯಿನ್ನಿನ ಒಂದು ಪಟ್ಟಣವು ಬಿಲಮೊಲಗಳ ಅಗೆತದಿಂದ ಕುಸಿಯಿತೆಂದು ವ್ಯಾರೋ ಹೇಳಿದುದನ್ನೂ, ಬಲಿಯಾರಿಕ್ ದ್ವೀಪದ ಜನರು ಈ ಪ್ರಾಣಿಗಳ ಹಾವಳಿಯನ್ನು ತಾಳಲಾರದೆ ಆಗಸ್ಟಸ್ ಚಕ್ರವರ್ತಿಯಲ್ಲಿ ಸೈನ್ಯಸಹಾಯವನ್ನು ಬೇಡಿದುದನ್ನೂ ಹೇಳುತ್ತಾನೆ. ಬಿಲವು ಒಳಗಿರುವ ಪ್ರಾಣಿಗೆ ಕೋಟೆ. ಮೇಲಿರುವ ಮನುಷ್ಯನ ಕೋಟೆಗೆ ಅದೇ ಮೃತ್ಯು.

ಸುರಂಗವು ಹಿಡಿಯುವುದಕ್ಕೆ ಮಾತ್ರವಲ್ಲ, ಉಳಿಯುವುದಕ್ಕೂ ಸಾಧನವೆಂಬುದನ್ನು ಮಹಾಭಾರತದ ಓದುಗರಿಗೆ ಹೇಳಬೇಕಾದುದಿಲ್ಲ. ವಾರಣಾವತಕ್ಕೆ ಹೊರಟ ಧರ್ಮರಾಯನಿಗೆ ವಿದುರನು ಗೂಢವಾದ ಮಾತಿನಲ್ಲಿ ಕೊಟ್ಟ ಎಚ್ಚರಿಕೆಯಲ್ಲಿ ಮುಳ್ಳುಹಂದಿಯ ಬಿಲದ ದೃಷ್ಟಾಂತವಿದೆ. ಅಂತಹ ಬಿಲವನ್ನು ಶರಣುಹೊಕ್ಕವನನ್ನು ಬೆಂಕಿಯು ಸುಡಲಾರದೆಂಬುದು ಅದರ ಭಾವ. ಆಮೇಲೆ ವಿದುರನು ಕಳುಹಿಸಿದ ಖನಕನು ಅರಗಿನ ಮನೆಯೊಳಗಿನಿಂದ ಸುರಂಗವನ್ನು ತೋಡಿದನು. ಪಾಂಡವರು ತಾಯಿಯೊಡನೆ ಪಾರಾದರು. ರಾಜಕುಮಾರರಿಗೆ ಅರಮನೆಯು ಮೃತ್ಯುವಾಗಿ ಬಿಲವು ರಕ್ಷಣೆಯಾದ ಸಂದರ್ಭವದು. ಆಂಗ್ಲಶಬ್ದವು ಕೋಟೆಯಿಂದ ಬಿಲಕ್ಕೆ ಇಳಿದುದನ್ನು ಅವನತಿಯೆಂದು ಭಾವಿಸುವವರು ಈ ಪ್ರಸಂಗವನ್ನು ಸ್ಮರಿಸಬೇಕು.

೪

ಬಿಲಮೊಲವು ಇಂಗ್ಲೆಂಡಿನ ಸ್ವಂತ ಪ್ರಾಣಿಯಲ್ಲ. ರೋಮನರ ಕಾಲದಲ್ಲಿ ಅಲ್ಪಸಂಖ್ಯೆಯಲ್ಲಿ ಬಂದಿದ್ದಿತೆಂಬುದಕ್ಕೆ ಫಿಷ್‌ಬೋರ್ನ್ ಎಂಬಲ್ಲಿ ದೊರೆತ ಕ್ರಿ. ಶ. ಒಂದನೆಯ ಶತಮಾನದ ಒಂದು ಮೂಳೆಯು ಸಾಕ್ಷಿಯಾಗಿದೆ. ಈ ಸಂಗತಿಯು ೨೦೧೯ರಲ್ಲಿ ಪ್ರಕಟವಾಯಿತು. ಆದರೆ ಅಲ್ಲಿ ಅದು ನೆಲೆಯೂರಿದುದು ನಾರ್ಮನರ ಆಳ್ವಿಕೆಯಲ್ಲಿ, ಹನ್ನೆರಡನೆಯ ಶತಮಾನದಿಂದ ಈಚೆಗೆ. ಅದರ ಮಾಂಸವೂ ತುಪ್ಪುಳಿನ ಚರ್ಮವೂ ಪ್ರಭುಗಳಿಗೆ ಪ್ರಿಯವಾಗಿದ್ದವು. ಕೋಳಿಗಿಂತ ಅದಕ್ಕೆ ಹೆಚ್ಚು ಬೆಲೆಯಿದ್ದಿತು. ಬಿಸಿಲಿನ ನಾಡಿನಿಂದ ಬಂದ ಆ ಪ್ರಾಣಿಯು ಇಂಗ್ಲೆಂಡಿನ ಶೀತವನ್ನೂ ಒದ್ದೆಯಾದ ನೆಲವನ್ನೂ ಮೊದಮೊದಲು ತಾಳಲಾರದೆ ಹೋಯಿತು. ಆದಕಾರಣ ಪ್ರಭುಗಳೂ ಮಠಾಧಿಪತಿಗಳೂ ಅದಕ್ಕಾಗಿ ಸಡಿಲವಾದ ಮಣ್ಣಿನಿಂದ ಉದ್ದನೆಯ ದಿಬ್ಬಗಳನ್ನು ಹಾಕಿಸಿ, ಕೆಲವೆಡೆ ಬಿಲಗಳನ್ನೂ ತೋಡಿಸಿಕೊಟ್ಟರು. ತಲೆದಿಂಬಿನ ಆಕಾರದಲ್ಲಿರುವ ಆ ದಿಬ್ಬಗಳು ಈಗಲೂ ಅಲ್ಲಲ್ಲಿ ಉಳಿದಿವೆ.

ಹೀಗೆ ಬಿಲಮೊಲಗಳನ್ನು ಸಾಕಿದ ಮೀಸಲು ಭೂಮಿಗೆ ‘ವಾರೆನ್’ ಎಂದು ಹೆಸರು. ಚಿಕ್ಕ ಮೃಗಪಕ್ಷಿಗಳನ್ನು ಬೇಟೆಯಾಡುವ ಅಧಿಕಾರವನ್ನು ಅರಸನು ಪ್ರಭುಗಳಿಗೆ ಸನ್ನದಿನ ಮೂಲಕ ಕೊಡುತ್ತಿದ್ದನು. ಬೇಲಿಯೊಳಗಿನ ಪ್ರಾಣಿಯು ರಾತ್ರಿಯಲ್ಲಿ ಹೊರಬಂದು ರೈತನ ಪೈರನ್ನು ಮೇಯ್ದರೂ ಅದು ಪ್ರಭುವಿನ ಸೊತ್ತೇ. ಅದನ್ನು ಹಿಡಿದ ರೈತನು ಕಳ್ಳ. ನಾರ್‌ಫೋಕ್ ಪ್ರಾಂತದ ಥೆಟ್‌ಫರ್ಡಿನಲ್ಲಿ ಅಲ್ಲಿಯ ಮಠದ ಅಧಿಪತಿಯು ಸುಮಾರು ೧೪೦೦ರಲ್ಲಿ ಕಟ್ಟಿಸಿದ ಕಾವಲುಮನೆಯೊಂದು ಇಂದಿಗೂ ನಿಂತಿದೆ. ದಪ್ಪ ಕಲ್ಲಿನ ಗೋಡೆಗಳೂ ಎರಡು ಅಂತಸ್ತುಗಳೂ ಉಳ್ಳ ಈ ಕಟ್ಟಡವು ನೋಡುವುದಕ್ಕೆ ಚಿಕ್ಕದೊಂದು ದುರ್ಗವೇ ಸರಿ. ಅದರೊಳಗಿದ್ದ ಕಾವಲುಗಾರನು ಕಾಯುತ್ತಿದ್ದುದು ಊರನ್ನಲ್ಲ, ಬಿಲಗಳನ್ನು. ಕೋಟೆಯೂ ಬಿಲವೂ ಮೊದಲು ಒಂದೇ ಶಬ್ದವಾಗಿದ್ದುವೆಂಬುದನ್ನು ಥೆಟ್‌ಫರ್ಡಿನ ಬಯಲಿನಲ್ಲಿ ಕಣ್ಣಾರೆ ಕಾಣಬಹುದು. ಆದರೆ ಆಲ್ಫ್ರೆಡನ ಕಾಲದಲ್ಲಿ ಕೋಟೆಯ ಒಳಗಿದ್ದ ರೈತನು ಈಗ ಹೊರಗೆ ನಿಂತಿದ್ದನು.

ಈ ಅಸಮಾಧಾನವು ೧೩೮೧ನೆಯ ಇಸವಿಯ ರೈತದಂಗೆಯಲ್ಲಿ ಬಹಿರಂಗವಾಯಿತು. ಸೇಂಟ್ ಆಲ್ಬನ್ಸ್ ಎಂಬ ಊರು ದೊಡ್ಡದೊಂದು ಮಠಕ್ಕೆ ಅಧೀನವಾಗಿತ್ತು. ಅಲ್ಲಿಯ ಜನರು ತಮ್ಮ ಮನೆಗಳಲ್ಲಿ ಬೀಸುವ ಕಲ್ಲುಗಳನ್ನು ಇಟ್ಟುಕೊಳ್ಳಬಾರದು, ಮಠದ ಗಿರಣಿಯಲ್ಲಿಯೇ ಹಿಟ್ಟು ಮಾಡಿಸಬೇಕು ಎಂಬ ನಿರ್ಬಂಧವಿದ್ದಿತು. ಕಿತ್ತುಕೊಂಡ ಬೀಸುವ ಕಲ್ಲುಗಳನ್ನು ಮಠದೊಳಗೆ ನೆಲಗಟ್ಟಿಗೆ ಹಾಸಿದ್ದರು. ದಂಗೆಯೆದ್ದ ಜನರು ಆ ಕಲ್ಲುಗಳನ್ನು ಕಿತ್ತು ಚೂರುಮಾಡಿ ಪ್ರಸಾದದಂತೆ ಹಂಚಿಕೊಂಡರು. ಮಠದ ಮೀಸಲು ಭೂಮಿಗೆ ಗುಂಪುಗೂಡಿ ಹೋಗಿ, ಅಲ್ಲಿ ಹಿಡಿದ ಒಂದು ಬಿಲಮೊಲವನ್ನು ತಂದು, ಅಪರಾಧಿಗಳನ್ನು ನಿಲ್ಲಿಸುವ ಕಟ್ಟೆಯ ಕಂಬಕ್ಕೆ, ತಾವು ಗೆದ್ದ ಬೇಟೆಯ ಹಕ್ಕಿನ ಕುರುಹಾಗಿ ಕಟ್ಟಿದರು. ಆ ಮಠದ ಸಂನ್ಯಾಸಿಯೇ ಆಗಿದ್ದ ಥಾಮಸ್ ವಾಲ್ಸಿಂಗಮನು ಇದನ್ನು ಕೋಪದಿಂದ ಬರೆದಿಟ್ಟಿದ್ದಾನೆ. ಜನರ ವಿಜಯವು ಕೆಲವು ವಾರಗಳು ಮಾತ್ರ ನಿಂತಿತು. ಪಡೆದ ಸನ್ನದುಗಳು ರದ್ದಾದುವು. ಅವರ ನಾಯಕನಾದ ವಿಲಿಯಂ ಗ್ರಿಂಡ್‌ಕಾಬನಿಗೆ ಮರಣದಂಡನೆಯಾಯಿತು. ಕಂಬದ ಮೇಲಿನ ಆ ಬಿಲಮೊಲವು ಒಂದು ಹೊತ್ತಿನ ಊಟಕ್ಕೂ ಸಾಲದು. ಆದರೆ ತಮ್ಮ ಹೊಲವನ್ನು ಮೇಯ್ದ ಪ್ರಾಣಿಯನ್ನು ತಾವು ಹಿಡಿಯಬಹುದೆಂಬ ಒಂದು ಮಾತಿಗಾಗಿ ಜನರು ಪ್ರಾಣವನ್ನು ಕೊಟ್ಟರು.

ದಂಗೆಯ ತರುವಾಯ ಕಟ್ಟುಗಳು ಮತ್ತಷ್ಟು ಬಿಗಿಯಾದುವು. ೧೩೮೯-೯೦ರ ಶಾಸನದಂತೆ ವರ್ಷಕ್ಕೆ ೪೦ ಷಿಲ್ಲಿಂಗುಗಳ ಭೂಮಿಯಿಲ್ಲದವನು ಬೇಟೆನಾಯಿಯನ್ನಾಗಲಿ ಬಲೆಯನ್ನಾಗಲಿ ಇಟ್ಟುಕೊಳ್ಳುವಂತಿರಲಿಲ್ಲ. ೧೭೨೩ರ ಶಾಸನವೊಂದು ಎಲ್ಲವನ್ನೂ ಮೀರಿಸಿತು. ಮುಖಕ್ಕೆ ಮಸಿ ಬಳಿದುಕೊಂಡು ಆಯುಧಪಾಣಿಯಾಗಿ ಬಿಲಮೊಲಗಳ ಮೀಸಲು ಭೂಮಿಯಲ್ಲಿ ಕಾಣಿಸಿಕೊಂಡವನಿಗೂ ಮರಣದಂಡನೆಯೆಂದು ಅದು ವಿಧಿಸಿತು. ಸರಿಯಾಗಿ ನೂರು ವರ್ಷಗಳ ಮೇಲೆ, ೧೮೨೩ರಲ್ಲಿ, ಅದರ ಬಹುಭಾಗವು ರದ್ದಾಯಿತು. ಗೇಣಿಯ ರೈತನು ತಾನು ಉಳುವ ನೆಲದಲ್ಲಿ ಬಿಲಮೊಲವನ್ನು ಕೊಲ್ಲಬಹುದು, ಈ ಹಕ್ಕನ್ನು ಒಡೆಯನು ಯಾವ ಕರಾರಿನಿಂದಲೂ ಕಸಿದುಕೊಳ್ಳುವಂತಿಲ್ಲ ಎಂಬ ನ್ಯಾಯವು ೧೮೮೦ರಲ್ಲಿ, ಗ್ಲ್ಯಾಡ್‌ಸ್ಟನ್ನನ ಮಂತ್ರಿತ್ವದಲ್ಲಿ, ಶಾಸನವಾಯಿತು. ಸೇಂಟ್ ಆಲ್ಬನ್ಸಿನ ಜನರು ಕೇಳಿದುದರಲ್ಲಿ ಒಂದು ಪಾಲು ದೊರೆಯಲು ಹೀಗೆ ೪೯೯ ವರ್ಷಗಳು ಬೇಕಾದುವು.

೫

ಆಂಗ್ಲರು ಹೋದೆಡೆಗಳಿಗೆ ಅವರ ಶಬ್ದಗಳೂ ಪ್ರಾಣಿಗಳೂ ಹೋದುವು. ೧೮೫೯ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತಕ್ಕೆ ಥಾಮಸ್ ಆಸ್ಟಿನ್ ಎಂಬ ಜಮೀನ್ದಾರನು ಬೇಟೆಯ ವಿನೋದಕ್ಕಾಗಿ ಇಂಗ್ಲೆಂಡಿನಿಂದ ೨೪ ಬಿಲಮೊಲಗಳನ್ನು ತರಿಸಿದನು. ಇಂಗ್ಲೆಂಡಿನಲ್ಲಿ ಬಿಲವನ್ನು ತೋಡಿಸಿಕೊಡಬೇಕಾಗಿದ್ದ ಪ್ರಾಣಿಗೆ ಅಲ್ಲಿಯ ಒಣನೆಲವು ತವರಿನಂತೆಯೇ ಒಗ್ಗಿತು. ಎಪ್ಪತ್ತು ವರ್ಷಗಳೊಳಗಾಗಿ ಅದು ಖಂಡದ ಬಹುಭಾಗವನ್ನು ಆವರಿಸಿತು. ಆಸ್ಟ್ರೇಲಿಯದ ಬಿಲಮೊಲಗಳ ಹಾವಳಿಯು ಮುಖ್ಯವಾಗಿ ಆಸ್ಟಿನ್ನನ ಆ ಹಿಂಡಿನಿಂದಲೇ ಹಬ್ಬಿತೆಂಬುದನ್ನು ವಿಜ್ಞಾನಿಗಳು ವಂಶವಾಹಿಗಳ ಪರೀಕ್ಷೆಯಿಂದ ೨೦೨೨ರಲ್ಲಿ ತೋರಿಸಿದರು. ಪಶ್ಚಿಮ ಆಸ್ಟ್ರೇಲಿಯದಲ್ಲಿ ೧೯೦೧ರಿಂದ ೧೯೦೭ರವರೆಗೆ ತಡೆಬೇಲಿಗಳನ್ನು ಕಟ್ಟಿದರು. ಅವುಗಳಲ್ಲಿ ಮೊದಲನೆಯದೊಂದೇ ೧,೮೩೩ ಕಿಲೋಮೀಟರುಗಳಷ್ಟು ಉದ್ದ. ಕೆಲಸವು ಮುಗಿಯುವುದರೊಳಗಾಗಿಯೇ ಪ್ರಾಣಿಗಳು ಆಚೆಗೆ ದಾಟಿದ್ದುವು. ಕೊನೆಗೆ ೧೯೫೦ರಲ್ಲಿ ಅವುಗಳ ನಡುವೆ ರೋಗವೊಂದನ್ನು ಬಿಟ್ಟು ಹಾವಳಿಯನ್ನು ತಗ್ಗಿಸಬೇಕಾಯಿತು. ಬಲಿಯಾರಿಕ್ ದ್ವೀಪದವರು ಆಗಸ್ಟಸನಲ್ಲಿ ಮಾಡಿದ ಮೊರೆಯೇ ಒಂದು ಖಂಡದಷ್ಟು ದೊಡ್ಡದಾಗಿ ಮರಳಿ ಕೇಳಿಬಂದಿತು.

ಹೊಸಬನು ಬಿಲ ತೋಡಿದಲ್ಲಿ ಹಳಬನಿಗೆ ಬಿಲವಿಲ್ಲವಾಯಿತು. ಆ ಖಂಡದ ಮೂಲನಿವಾಸಿಯಾದ ಬಿಲ್ಬಿಯೆಂಬ ಚಿಕ್ಕ ಪ್ರಾಣಿಯು ಆಳವಾದ ಬಿಲಗಳನ್ನು ತೋಡಿ ಬಾಳತಕ್ಕದ್ದು. ಬಿಲಮೊಲಗಳು ಅದರ ಆಹಾರವನ್ನೂ ನೆಲೆಯನ್ನೂ ಆಕ್ರಮಿಸಿದುವು. ಹೊರಗಿನಿಂದ ಬಂದ ನರಿಯೂ ಬೆಕ್ಕೂ ಅದನ್ನು ಬೇಟೆಯಾಡಿದುವು. ಅದರ ಒಂದು ಜಾತಿಯು ಇಪ್ಪತ್ತನೆಯ ಶತಮಾನದಲ್ಲಿ ನಿರ್ವಂಶವಾಯಿತು. ಇನ್ನೊಂದು ಮರುಭೂಮಿಯ ಅಂಚಿಗೆ ಸರಿದಿದೆ. ಈ ಬಿಲ್ಬಿಯು ಸೇರಿರುವ ವರ್ಗಕ್ಕೆ ಆಂಗ್ಲರಿಟ್ಟ ‘ಬ್ಯಾಂಡಿಕೂಟ್’ ಎಂಬ ಹೆಸರು ನಮ್ಮ ನೆರೆಯದು. ತೆಲುಗಿನಲ್ಲಿ ಹೆಗ್ಗಣಕ್ಕೆ ‘ಪಂದಿಕೊಕ್ಕು’ ಎನ್ನುವರು. ಪಂದಿಯೆಂದರೆ ಹಂದಿ, ಕೊಕ್ಕು ಎಂದರೆ ಇಲಿ. ಹಳಗನ್ನಡದಲ್ಲಿ ಹಂದಿಯನ್ನು ‘ಪಂದಿ’ಯೆಂದೇ ಹೇಳುತ್ತಿದ್ದರು. ದಕ್ಷಿಣ ದೇಶದಲ್ಲಿ ವಾಸವಾಗಿದ್ದ ಆಂಗ್ಲರು ಆ ಶಬ್ದವನ್ನು ತಿರುಚಿ ತಮ್ಮದಾಗಿ ಮಾಡಿಕೊಂಡು, ಆಮೇಲೆ ಆಸ್ಟ್ರೇಲಿಯದ ಬೇರೊಂದು ಕುಲದ ಪ್ರಾಣಿಗೆ ತೊಡಿಸಿದರು.

ನಮ್ಮ ಹೆಗ್ಗಣವೂ ಬಿಲವಾಸಿಯೇ. ಅದರ ಒಂದು ಜಾತಿಯು ಕುಯ್ಲಿನ ಕಾಲದಲ್ಲಿ ತೆನೆಗಳನ್ನು ಕತ್ತರಿಸಿ ಬಿಲದೊಳಗಿನ ಅಂಕಣಗಳಲ್ಲಿ ಕೂಡಿಡುತ್ತದೆ. ರೈತನ ಕಣಜದಂತೆಯೇ ಅದಕ್ಕೂ ಒಂದು ಕಣಜ. ತಮಿಳು ನಾಡಿನ ಇರುಳರು ಇಲಿಹೆಗ್ಗಣಗಳ ಬಿಲಗಳನ್ನು ಅಗೆದು, ಪ್ರಾಣಿಗಳನ್ನು ಹಿಡಿಯುವುದರೊಡನೆ ಅಲ್ಲಿ ಸಿಕ್ಕುವ ಕಾಳನ್ನೂ ಆಹಾರಕ್ಕೆ ತೆಗೆದುಕೊಳ್ಳುವ ರೂಢಿಯು ಪ್ರಸಿದ್ಧವಾದುದು. ಹೊಲದೊಡೆಯನ ಕಾಳು ಹೆಗ್ಗಣದ ಬಿಲ ಸೇರಿ, ಹೊಲವಿಲ್ಲದವನ ಗಂಜಿಯಾಗುವ ಈ ಸಂದರ್ಭದಲ್ಲಿ ಕಳ್ಳನಾರು, ಒಡೆಯನಾರು ಎಂಬುದನ್ನು ನಿರ್ಣಯಿಸುವುದು ಸುಲಭವಲ್ಲ.

೬

ಈಗ ‘ಬರೋ’ ಶಬ್ದದ ಲಾಕ್ಷಣಿಕ ಪ್ರಯೋಗಗಳನ್ನು ಸಂಕ್ಷೇಪವಾಗಿ ನೋಡಬಹುದು. ಹಳೆಯ ಕಾಗದಪತ್ರಗಳ ರಾಶಿಯಲ್ಲಿ ಮುಳುಗಿ ಹುಡುಕುವ ವಿದ್ವಾಂಸನ ಕೆಲಸಕ್ಕೆ ಇದೇ ಶಬ್ದ. ತಾಯಿಯ ಮಡಿಲಲ್ಲಿ ಮುಖವನ್ನು ಹುದುಗಿಸುವ ಕೂಸಿಗೂ ಇದೇ ಶಬ್ದ. ಅಮೆರಿಕದಲ್ಲಿ, ಆಳುವ ಪಕ್ಷದವರು ನೇಮಿಸಿದ ಅಧಿಕಾರಿಯು ಪಕ್ಷವು ಇಳಿಯುವುದಕ್ಕೆ ಮುಂಚೆ ಖಾಯಂ ನೌಕರಿಯೊಳಗೆ ಸೇರಿಕೊಂಡುಬಿಟ್ಟರೆ ಅವನು ಬಿಲ ತೋಡಿದನೆಂದು ಹಾಸ್ಯವಾಗಿ ಹೇಳುವರು. ಇಕ್ಕಟ್ಟಾದ ಓಣಿಗಳಲ್ಲಿ ಬಡಜನರು ಕಿಕ್ಕಿರಿದ ವಸತಿಗೆ ‘ವಾರೆನ್’ ಎಂಬ ಹೆಸರು ಬಂದಿತು. ಪ್ರಭುವಿನ ಬಿಲಮೊಲಗಳಿಗೆ ಮೀಸಲಾಗಿದ್ದ ಶಬ್ದವು ಪಟ್ಟಣದ ಕೂಲಿಗಾರನ ಮನೆಗೆ ಸಂದಿತು. ಆದರೆ ಆ ಮೊಲಗಳಿಗಿದ್ದ ಕಾವಲು ಅವನಿಗೆ ಸಿಕ್ಕಲಿಲ್ಲ.

ಚಾರಲ್ಸ್ ಡಾರ್ವಿನ್ನನು ತನ್ನ ಮುಪ್ಪಿನಲ್ಲಿ, ೧೮೮೧ರಲ್ಲಿ, ಎರೆಹುಳುಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿಯೂ ಈ ಶಬ್ದವು ಪುಟಪುಟಕ್ಕೆ ಬರುತ್ತದೆ. ಇಂಗ್ಲೆಂಡಿನ ಅನೇಕ ಕಡೆಗಳಲ್ಲಿ ಎಕರೆಯೊಂದಕ್ಕೆ ವರ್ಷಕ್ಕೆ ಹತ್ತು ಟನ್ನಿಗೂ ಮಿಕ್ಕಿದ ಮಣ್ಣು ಎರೆಹುಳುಗಳ ಮೈಯೊಳಗೆ ಹಾದು ಮೇಲಕ್ಕೆ ಬರುವುದೆಂದು ಅವನು ಲೆಕ್ಕಹಾಕಿದನು. ಯಾವ ಸನ್ನದೂ ಇಲ್ಲದ ಆ ಜೀವಿಯ ಅಗೆತದಿಂದ ಹೊಲವು ಹದವಾಗುತ್ತದೆ. ಜರ್ಮನ್ ಭಾಷೆಯಲ್ಲಿ ಬರೆದ ಫ್ರಾನ್ಜ್ ಕಾಫ್ಕಾ ಎಂಬಾತನು ತನ್ನ ಕೊನೆಯ ದಿನಗಳಲ್ಲಿ, ೧೯೨೩-೨೪ರಲ್ಲಿ, ಬಿಲ ತೋಡುವ ಪ್ರಾಣಿಯೊಂದರ ಬಾಯಲ್ಲಿ ಹೇಳಿಸಿದ ಕಥೆಯನ್ನು ಬರೆದನು. ಅದರ ಹೆಸರಾದ ‘ಬೌ’ ಎಂಬುದಕ್ಕೆ ಕಟ್ಟಡವೆಂದೂ ಬಿಲವೆಂದೂ ಅರ್ಥ. ಆ ಪ್ರಾಣಿಯು ಭಯದಿಂದ ತೋಡಿದ ಬಿಲದ ನಡುವಣ ಅಂಕಣಕ್ಕೆ ಅವನು ಕೊಟ್ಟ ಹೆಸರಿನಲ್ಲಿ ‘ಬುರ್ಗ್’ ಎಂಬ ಹಳೆಯ ಕೋಟೆಯ ಶಬ್ದವೇ ಇದೆ. ಎಷ್ಟು ಭದ್ರವಾಗಿ ಕಟ್ಟಿದರೂ ಆ ಪ್ರಾಣಿಗೆ ಭಯವು ತೀರುವುದಿಲ್ಲ.

ಕೋಟೆಯು ಬಿಲವಾದುದರಿಂದ ಶಬ್ದವು ಹೀನವಾಯಿತೆಂದು ಹೇಳುವುದಕ್ಕೆ ಆಧಾರವಿಲ್ಲ. ಜೀವವುಳ್ಳವರಿಗೆಲ್ಲ ಬೇಕಾದುದು ಒಂದೇ. ಬಿಸಿಲುಮಳೆಗಳಿಂದಲೂ ಶತ್ರುವಿನಿಂದಲೂ ಮರೆಯಾಗಿ ಮಕ್ಕಳುಮರಿಗಳನ್ನು ಸಲಹುವ ಒಂದು ಎಡೆ. ದೊರೆಯು ಅದನ್ನು ಕಲ್ಲಿನಿಂದ ಕಟ್ಟಿಕೊಂಡನು, ಪ್ರಾಣಿಯು ಉಗುರಿನಿಂದ ತೋಡಿಕೊಂಡಿತು. ಕೆಡುಕು ಹುಟ್ಟಿದುದು ತೋಡುವುದರಿಂದಲ್ಲ; ಒಬ್ಬರ ಆಶ್ರಯವನ್ನು ಕಾಯುವುದಕ್ಕಾಗಿ ಇನ್ನೊಬ್ಬರ ಅನ್ನವನ್ನು ಅಪರಾಧವೆಂದು ಕರೆದುದರಿಂದ. ಆಖುವನ್ನು ಮೂಷಕವೆನ್ನುವ ಮೊದಲು ಕಣಜವು ಯಾರ ಬೆವರಿನಿಂದ ತುಂಬಿತೆಂಬುದನ್ನು ವಿಚಾರಿಸಬೇಕೆಂಬುದೇ ಈ ಶಬ್ದದ ಸಾವಿರ ವರ್ಷಗಳ ಚರಿತ್ರೆಯಿಂದ ತಿಳಿದುಬರುವ ಅಂಶ.